ದಾವಣಗೆರೆಯಿಂದ ಮಗಳ ಮನೆಗೆ: ನಡುವೆ ವಿಮಾನ ಬದಲಿಸುವ ನನ್ನ ಅನುಭವ

ಟಿಕೆಟ್ ಬುಕ್ ಮಾಡುವಾಗ ಮಗಳಿಗೆ ನಾನು ಹೇಳುವುದು ಎರಡೇ ಮಾತು. ಎಲ್ಲಾ ವಿಮಾನಕ್ಕೂ ಸೇರಿ ಒಂದೇ ಪಿಎನ್‌ಆರ್ ಇರಲಿ. ವಿಮಾನ ಬದಲಿಸುವ ಕಡೆ ಮೂರು ಗಂಟೆಗಿಂತ ಕಮ್ಮಿ ಬೇಡ. ಇವೆರಡು ಸರಿಯಿದ್ದರೆ ಉಳಿದದ್ದು ಬೋರ್ಡ್ ಓದಿಕೊಂಡು ನಡೆಯುವ ಕೆಲಸ.

ನಾವು ದಾವಣಗೆರೆಯ ವಿದ್ಯಾನಗರದವರು. ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಯಜಮಾನರಿಗೆ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ಹಾಗಾಗಿ ಹೋಗಿಬರುವುದು ಹೆಚ್ಚಾಗಿ ನಾನೊಬ್ಬಳೇ. ಬೆಂಗಳೂರಿನಿಂದ ದುಬೈ, ಅಲ್ಲಿಂದ ಶಿಕಾಗೊ, ಆಮೇಲೆ ಮಿನಿಯಾಪೊಲಿಸ್. ನಮ್ಮ ಏರಿಯಾದಲ್ಲಿ ಯಾರ ಮಕ್ಕಳು ಟಿಕೆಟ್ ಕಳಿಸಿದರೂ ಈಗ ಮೊದಲು ನಮ್ಮ ಮನೆಗೆ ಬರುತ್ತಾರೆ. "ದುಬೈನಾಗೆ ದಾರಿ ತಪ್ಪಿದ್ರೆ ಹೆಂಗಕ್ಕಾ?" ಎಲ್ಲರದೂ ಇದೇ ಪ್ರಶ್ನೆ. ದುಬೈ ಬಿಡಿ, ಮೊದಲು ಟಿಕೆಟ್ ತೋರಿಸಿ ಅಂತೀನಿ.

ನಮ್ಮ ಹಿಂದಿನ ಬೀದಿಯವರೊಬ್ಬರಿಗೆ ಏಜೆಂಟ್ ಕಡಿಮೆ ದುಡ್ಡಿಗೆ ಸಿಗುತ್ತದೆ ಎಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿಕೊಟ್ಟಿದ್ದ. ಬೆಂಗಳೂರಿನಿಂದ ಮುಂಬೈಗೆ ಒಂದು, ಮುಂಬೈನಿಂದ ಹೊರದೇಶಕ್ಕೆ ಇನ್ನೊಂದು. ಮೊದಲನೆಯದು ಇಳಿದದ್ದು ಒಂದನೇ ಟರ್ಮಿನಲ್‌ನಲ್ಲಿ, ಎರಡನೆಯದು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ಮುಂಬೈನಲ್ಲಿ ಇವೆರಡರ ನಡುವೆ ರಸ್ತೆಯಲ್ಲೇ ಹೋಗಬೇಕು. ಬ್ಯಾಗ್ ತಗೊಂಡು, ಟ್ಯಾಕ್ಸಿ ಹಿಡಿದು, ಹೊಸದಾಗಿ ಚೆಕ್-ಇನ್ ಮಾಡುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಟಿಕೆಟ್ ದುಡ್ಡು ಹೋಯಿತು. ಟಿಕೆಟ್ ಬೇರೆ ಬೇರೆ ಆಗಿದ್ದರೆ, ಮೊದಲ ವಿಮಾನ ತಡವಾಯಿತು ಎಂದು ಎರಡನೇ ಕಂಪನಿ ನಿಮಗೆ ಇನ್ನೊಂದು ಸೀಟು ಕೊಡಬೇಕಾಗಿಲ್ಲ. ಒಂದೇ ಪಿಎನ್‌ಆರ್ ಆದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಅವರದು. ಉಳಿಸಿದ ಐದಾರು ಸಾವಿರ ಇದರ ಮುಂದೆ ಏನೂ ಅಲ್ಲ.

ದಾವಣಗೆರೆಯಿಂದ ಬೆಂಗಳೂರಿಗೆ ಧಾರವಾಡದ ವಂದೇ ಭಾರತ್ ಇದೆ, ಇಳಿದು ವಾಯು ವಜ್ರ ಬಸ್ ಹಿಡಿಯಬಹುದು. ಆದರೆ ದೊಡ್ಡ ಎರಡು ಸೂಟ್‌ಕೇಸ್ ಇರುವಾಗ ನಾನು ಕಾರಿನಲ್ಲೇ ಹೋಗುತ್ತೇನೆ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಸೀದಾ ಏರ್‌ಪೋರ್ಟ್. ನೆಲಮಂಗಲ, ಹೆಬ್ಬಾಳದ ಗೋಜೇ ಇಲ್ಲ. ಡ್ರೈವರ್‌ಗೆ ಎರಡನೇ ಟರ್ಮಿನಲ್ ಎಂದು ಮೊದಲೇ ಹೇಳಿ. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳೆಲ್ಲ ಅಲ್ಲಿಂದಲೇ.

ಚೆಕ್-ಇನ್ ಕೌಂಟರಿನಲ್ಲಿ ನಾನು ಅವಸರ ಮಾಡುವುದಿಲ್ಲ. ಬ್ಯಾಗಿಗೆ ಕಟ್ಟುವ ಉದ್ದನೆಯ ಚೀಟಿ ನೋಡುತ್ತೇನೆ. ದೊಡ್ಡ ಅಕ್ಷರದಲ್ಲಿ ಕೊನೆಯ ಊರಿನ ಮೂರಕ್ಷರದ ಕೋಡ್ ಇರುತ್ತದೆ, ನನ್ನದಾದರೆ ಎಂಎಸ್‌ಪಿ. ನಡುವಿನ ಊರುಗಳ ಕೋಡ್ ಸಣ್ಣದಾಗಿ: ದುಬೈಗೆ ಡಿಎಕ್ಸ್‌ಬಿ, ಶಿಕಾಗೊಗೆ ಓಆರ್‌ಡಿ. ಅದರ ಹರಿದ ತುಂಡನ್ನು ಪಾಸ್‌ಪೋರ್ಟ್ ಹಿಂದೆ ಅಂಟಿಸಿ ಕೊಡುತ್ತಾರೆ. ಅದನ್ನು ಕಳೆಯಬಾರದು, ಬ್ಯಾಗ್ ಬರದಿದ್ದರೆ ಅದೇ ಆಧಾರ. ಎರಡನೇ ಕೆಲಸ, ಎಷ್ಟು ಬೋರ್ಡಿಂಗ್ ಪಾಸ್ ಕೊಟ್ಟರು ಎಂದು ಎಣಿಸುವುದು. ಕೊನೆಯ ವಿಮಾನ ಬೇರೆ ಕಂಪನಿಯದಾದರೆ ಕೆಲವೊಮ್ಮೆ ಅದರದ್ದು ಇಲ್ಲಿ ಪ್ರಿಂಟ್ ಆಗುವುದಿಲ್ಲ. ಎಲ್ಲಿ ತಗೋಬೇಕು ಎಂದು ಅಲ್ಲೇ ಕೇಳಿಕೊಂಡರೆ ಆಯಿತು.

ಸೂಟ್‌ಕೇಸ್‌ನಲ್ಲಿ ಶೇಂಗಾ ಚಟ್ನಿಪುಡಿ, ಮಸಾಲೆ ಪುಡಿ ಎಲ್ಲ ಹೋಗುತ್ತೆ. ಗಸಗಸೆ ಮಾತ್ರ ಒಂದು ಚಮಚವೂ ಬೇಡ. ಯುಎಇನಲ್ಲಿ ಅದು ನಿಷೇಧಿತ ವಸ್ತು, ಸುಮ್ನೆ ಯಾಕೆ ತೊಂದರೆ? ಒಣ ಕೊಬ್ಬರಿಯನ್ನೂ ಬಿಡಲ್ಲ, ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ವಸ್ತುಗಳ ಲೆಕ್ಕಕ್ಕೆ ಬರುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಇನ್ನು ದುಬೈ. ನಮ್ಮ ಗಡಿಯಾರಕ್ಕಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್‌ನಲ್ಲಿ ಬರೆದ ಸಮಯವೆಲ್ಲ ಆಯಾ ಊರಿನದು. ಇಳಿಯುವ ಮೊದಲೇ ಕೈಗಡಿಯಾರ ತಿದ್ದಿಕೊಳ್ಳುತ್ತೇನೆ. ವಿಮಾನದಿಂದ ಹೊರಗೆ ಬಂದ ಕೂಡಲೇ ಬೋರ್ಡ್ ಎರಡು ದಾರಿ ತೋರಿಸುತ್ತೆ. ‘ಅರೈವಲ್ಸ್’, ‘ಬ್ಯಾಗೇಜ್’ ಎಂದಿರುವುದು ಊರಿನೊಳಗೆ ಹೋಗುವವರಿಗೆ. ನಮ್ಮದು ‘ಕನೆಕ್ಷನ್ಸ್’. ಬೇರೆ ಏರ್‌ಪೋರ್ಟ್‌ಗಳಲ್ಲಿ ‘ಟ್ರಾನ್ಸ್‌ಫರ್’ ಎಂದೂ ಇರುತ್ತದೆ. ಜೊತೆಗೆ ಬಂದವರೆಲ್ಲ ಯಾವ ಕಡೆ ಹೊರಟರು ಎಂದು ನೋಡಿ ಹಿಂದೆ ಹೋಗಬಾರದು. ಬೆಂಗಳೂರಿನಿಂದ ಬಂದವರಲ್ಲಿ ದುಬೈನಲ್ಲೇ ಕೆಲಸ ಮಾಡುವವರೂ ಬಹಳ, ಅವರ ಹಿಂದೆ ಹೋದರೆ ಇಮಿಗ್ರೇಷನ್ ಸಾಲಿಗೆ ಸೇರುತ್ತೀರಿ.

ಅಲ್ಲಿ ಮತ್ತೆ ಸೆಕ್ಯುರಿಟಿ ಇದೆ. ಹಾಗಾಗಿ ವಿಮಾನದಲ್ಲಿ ಕೊಟ್ಟ ನೀರಿನ ಬಾಟಲಿ ಕುಡಿದು ಖಾಲಿ ಮಾಡಿಬಿಡಿ. ಆಮೇಲೆ ನೇರ ಗೇಟಿಗೆ ಓಡಬೇಡಿ, ದೊಡ್ಡ ಪರದೆಯ ಮುಂದೆ ನಿಲ್ಲಿ. ಬೆಂಗಳೂರಿನಲ್ಲಿ ಕೊಟ್ಟ ಪಾಸ್‌ನಲ್ಲಿ ದುಬೈ ಗೇಟ್ ಇರುವುದಿಲ್ಲ, ಇದ್ದರೂ ಬದಲಾಗಿರಬಹುದು. ಊರಿನ ಹೆಸರಿನ ಜೊತೆ ವಿಮಾನದ ನಂಬರನ್ನೂ ಹೊಂದಿಸಿ ನೋಡುತ್ತೇನೆ. ಪರದೆಯ ಫೋಟೊ ತೆಗೆದುಕೊಳ್ಳುತ್ತೇನೆ. ಮೂರನೇ ಟರ್ಮಿನಲ್‌ನಲ್ಲಿ ಎ, ಬಿ, ಸಿ ಎಂದು ಮೂರು ಭಾಗ. ಗೇಟಿನ ಮೊದಲ ಅಕ್ಷರವೇ ಯಾವ ಭಾಗ ಎಂದು ಹೇಳುತ್ತದೆ. ಎ ಮತ್ತು ಬಿ ನಡುವೆ ಡ್ರೈವರ್ ಇಲ್ಲದ ಪುಟ್ಟ ರೈಲು ಓಡಾಡುತ್ತದೆ. ರೈಲು ಇಳಿದ ಮೇಲೂ ನಡಿಗೆ ಮುಗಿಯಲ್ಲ. ನಮ್ಮ ರೈಲ್ವೆ ಸ್ಟೇಷನ್‌ನಿಂದ ಜಯದೇವ ಸರ್ಕಲ್‌ಗೆ ನಡೆದಷ್ಟು ಅಂತ ಇಟ್ಟುಕೊಳ್ಳಿ.

ಮೊದಲು ಗೇಟ್ ಕಣ್ಣಾರೆ ನೋಡಿ ಬರುವುದು, ಕಾಫಿ ಆಮೇಲೆ. ಹೆಸರು ಕೂಗಿ ಕರೆಯುತ್ತಾರೆ ಎಂದು ಕಾಯಬೇಡಿ, ಎಷ್ಟೋ ಕಡೆ ಅದನ್ನು ನಿಲ್ಲಿಸಿದ್ದಾರೆ. ವಿಮಾನ ಹೊರಡುವ ಸಮಯ ಬೇರೆ, ಗೇಟ್ ಮುಚ್ಚುವ ಸಮಯ ಬೇರೆ. ಸಾಮಾನ್ಯವಾಗಿ 20 ನಿಮಿಷ ಮೊದಲೇ ಮುಚ್ಚುತ್ತಾರೆ. ಅಮೆರಿಕದ ವಿಮಾನಕ್ಕೆ ಗೇಟಿನ ಹತ್ತಿರ ಇನ್ನೊಮ್ಮೆ ತಪಾಸಣೆಯೂ ಇರುತ್ತದೆ, ಬೇಗ ಹೋದಷ್ಟೂ ಒಳ್ಳೆಯದು.

ಮಂಡಿನೋವು ಇರುವವರು ವೀಲ್‌ಚೇರ್ ಕೇಳಲು ನಾಚಿಕೊಳ್ಳಬೇಡಿ. ಟಿಕೆಟ್ ಮಾಡುವಾಗಲೇ ಹಾಕಿಸಿದರೆ ದುಡ್ಡಿಲ್ಲ. ಆದರೆ ಇದಕ್ಕೂ ಸಮಯ ಬೇಕು. ಎಲ್ಲರೂ ಇಳಿದ ಮೇಲೆ ನಿಮ್ಮ ಸರದಿ, ನಡುವೆ ಒಂದು ಕಡೆ ಕೂರಿಸಿ ಕಾಯಿಸುವುದೂ ಉಂಟು. ಭಾಷೆ ಬರಲ್ಲ ಎಂಬ ಭಯಕ್ಕೆ ಮಾತ್ರ ಗಟ್ಟಿ ಕಾಲಿನವರು ವೀಲ್‌ಚೇರ್ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ದುಬೈನಲ್ಲಿ ಹಿಂದಿ ನಡೆಯುತ್ತೆ.

ನಿಜವಾದ ಕೆಲಸ ಇರುವುದು ಶಿಕಾಗೊದಲ್ಲಿ. ಬ್ಯಾಗಿನ ಚೀಟಿಯಲ್ಲಿ ಮಿನಿಯಾಪೊಲಿಸ್ ಎಂದು ಬರೆದಿದ್ದರೂ ಅದು ತಾನಾಗಿ ಮುಂದೆ ಹೋಗುವುದಿಲ್ಲ. ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಬೆಲ್ಟಿನಿಂದ ನಾವೇ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಹೊರಗೆ ಮತ್ತೆ ಕೊಡಬೇಕು. ತಿನ್ನುವ ಪದಾರ್ಥ ಇದೆಯಾ ಎಂದು ಕೇಳಿದರೆ ಇದೆ ಎಂದೇ ಹೇಳುತ್ತೇನೆ. ಚಟ್ನಿಪುಡಿ ಎಂದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಶಿಕಾಗೊದ ಓಹೇರ್ ಏರ್‌ಪೋರ್ಟ್‌ನಲ್ಲಿ ನಾನು ಇಳಿಯುವುದು ಐದನೇ ಟರ್ಮಿನಲ್, ಮುಂದಿನ ವಿಮಾನ ಒಂದನೆಯದರಿಂದ. ಒಂದು, ಎರಡು, ಮೂರು, ಆಮೇಲೆ ಐದು. ನಾಲ್ಕು ಇಲ್ಲವೇ ಇಲ್ಲ, ಹುಡುಕಬೇಡಿ! ಇವುಗಳ ನಡುವೆಯೂ ಪುಕ್ಕಟೆ ರೈಲು. ಒಂದನೇ ಟರ್ಮಿನಲ್‌ನಲ್ಲಿ ಮತ್ತೊಮ್ಮೆ ಸೆಕ್ಯುರಿಟಿ.

ಒಮ್ಮೆ ಇಮಿಗ್ರೇಷನ್ ಸಾಲಿನಲ್ಲೇ ಎರಡು ಗಂಟೆಗೂ ಜಾಸ್ತಿ ಹೋಗಿ, ನನ್ನ ಮಿನಿಯಾಪೊಲಿಸ್ ವಿಮಾನ ಹೊರಟುಹೋಗಿತ್ತು. ಕೌಂಟರಿನಲ್ಲಿ ಪಾಸ್ ತೋರಿಸಿದೆ. ಒಂದೇ ಪಿಎನ್‌ಆರ್ ಆದ್ದರಿಂದ ಸಂಜೆಯ ವಿಮಾನಕ್ಕೆ ಹಾಕಿಕೊಟ್ಟರು, ದುಡ್ಡು ಕೇಳಲಿಲ್ಲ. ಅಲ್ಲಿಂದೀಚೆಗೆ ಶಿಕಾಗೊಗೆ ನಾಲ್ಕು ಗಂಟೆ ಇಟ್ಟುಕೊಳ್ಳುತ್ತೇನೆ.

ವಾಪಸ್ ಬರುವಾಗ ಇಷ್ಟು ರಗಳೆ ಇಲ್ಲ. ಮಿನಿಯಾಪೊಲಿಸ್‌ನಲ್ಲಿ ಹಾಕಿದ ಬ್ಯಾಗ್ ಬೆಂಗಳೂರಿನಲ್ಲೇ ಸಿಗುತ್ತದೆ. ಶಿಕಾಗೊದಲ್ಲಿ ಒಂದರಿಂದ ಐದಕ್ಕೆ ಹೋಗಬೇಕು ಅಷ್ಟೇ. ಅಮೆರಿಕ ಬಿಡುವಾಗ ಇಮಿಗ್ರೇಷನ್ ಕೌಂಟರ್ ಎಲ್ಲಿ ಎಂದು ಗಾಬರಿಯಾಗಬೇಡಿ. ಹೊರಗೆ ಹೋಗುವವರ ಪಾಸ್‌ಪೋರ್ಟ್‌ಗೆ ಅಲ್ಲಿ ನಮ್ಮ ಹಾಗೆ ಸೀಲ್ ಹಾಕುವುದಿಲ್ಲ.