ಥೈರಾಯ್ಡ್‌ಗೆ ಸೆಲೆನಿಯಂ: ನುಂಗುವ ಮೊದಲು ಲೆಕ್ಕ ಹಾಕಿ

ಕೂದಲು ಉದುರುತ್ತದೆ. ಎಷ್ಟು ಮಲಗಿದರೂ ಸುಸ್ತು ಹೋಗುವುದಿಲ್ಲ. ಉಗುರು ಪದರ ಪದರವಾಗಿ ಕಿತ್ತುಬರುತ್ತದೆ. ಥೈರಾಯ್ಡ್ ಕಡಿಮೆ ಇರುವವರನ್ನು ಕೇಳಿ ನೋಡಿ, ಇದನ್ನೇ ಹೇಳುತ್ತಾರೆ. ಸೆಲೆನಿಯಂ ಮಿತಿಮೀರಿ ಮೈಗೆ ಸೇರಿದವರನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಉತ್ತರ ಬರುತ್ತದೆ: ಕೂದಲು, ಉಗುರು, ಸುಸ್ತು. ಥೈರಾಯ್ಡ್‌ಗೆ ಒಳ್ಳೆಯದಂತೆ ಎಂದು ಯಾರೋ ಹೇಳಿದ ಮಾತ್ರೆ ಶುರುಮಾಡಿ, ಕೂದಲು ಉದುರುವುದು ನಿಲ್ಲಲಿಲ್ಲವೆಂದು ದಿನಕ್ಕೆ ಎರಡು ಮಾಡಿಕೊಂಡವರ ಕಷ್ಟ ಇಲ್ಲಿದೆ. ಯಾವುದು ಕಾಯಿಲೆಯ ಲಕ್ಷಣ, ಯಾವುದು ಮಾತ್ರೆಯ ಲಕ್ಷಣ ಎಂದು ಅವರಿಗೆ ತಿಳಿಯುವುದೇ ಇಲ್ಲ. ಸೆಲೆನಿಯಂ ಬೇಡವೆಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಬೇಕಾದವರು ಲೆಕ್ಕವಿಟ್ಟು ತೆಗೆದುಕೊಳ್ಳಲಿ, ಬೇಡದವರು ಸುಮ್ಮನೆ ನುಂಗದಿರಲಿ ಎಂಬುದೇ ನನ್ನ ಕಾಳಜಿ.

ಮೊದಲಿಗೆ, ಈ ಎರಡಕ್ಕೂ ಏನು ನಂಟು?

ಸ್ವೀಡನ್‌ನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1817ರಲ್ಲಿ ಕಂಡುಹಿಡಿದ ಮೂಲವಸ್ತು ಸೆಲೆನಿಯಂ. ಗ್ರೀಕರ ಚಂದ್ರದೇವತೆ ಸೆಲೀನಿಯ ಹೆಸರನ್ನೇ ಇದಕ್ಕೆ ಇಟ್ಟರು. ಬಹಳ ಕಾಲ ಇದನ್ನು ವಿಷವೆಂದೇ ತಿಳಿದಿದ್ದರು. ಅತಿ ಸಣ್ಣ ಪ್ರಮಾಣದಲ್ಲಿ ಇದು ಜೀವಕ್ಕೆ ಬೇಕೇ ಬೇಕು ಎಂದು ಗೊತ್ತಾಗಿದ್ದು 1957ರಲ್ಲಿ. ದೇಹದ ಅಂಗಗಳನ್ನು ಗ್ರಾಂ ಲೆಕ್ಕದಲ್ಲಿ ಹೋಲಿಸಿದರೆ ಅತಿ ಹೆಚ್ಚು ಸೆಲೆನಿಯಂ ಇರುವುದು ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಂತೆ ಕುಳಿತಿರುವ ಥೈರಾಯ್ಡ್ ಗ್ರಂಥಿಯಲ್ಲಿ.

ಅಲ್ಲಿ ಅದಕ್ಕೆ ಎರಡು ಕೆಲಸ. ಹಾರ್ಮೋನ್ ತಯಾರಿಸಲು ಗ್ರಂಥಿಯು ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತದೆ. ಬಳಸಿ ಉಳಿದದ್ದು ಗ್ರಂಥಿಯನ್ನೇ ಸುಡದಂತೆ ನೋಡಿಕೊಳ್ಳುವ ಕಿಣ್ವಗಳಲ್ಲಿ ಸೆಲೆನಿಯಂ ಇದೆ. ಎರಡನೆಯ ಕೆಲಸ ಗ್ರಂಥಿಯ ಹೊರಗೂ ನಡೆಯುತ್ತದೆ. ಥೈರಾಯ್ಡ್ ಹೆಚ್ಚಾಗಿ ಬಿಡುಗಡೆ ಮಾಡುವುದು ನಾಲ್ಕು ಅಯೋಡಿನ್ ಪರಮಾಣುಗಳಿರುವ ಟಿ4 ಹಾರ್ಮೋನನ್ನು. ದೇಹ ಅದರಿಂದ ಒಂದು ಅಯೋಡಿನ್ ಕಳಚಿದಾಗ ಅದು ಟಿ3 ಆಗುತ್ತದೆ. ಜೀವಕೋಶದಲ್ಲಿ ನಿಜವಾಗಿ ದುಡಿಯುವುದು ಈ ಟಿ3. ಥೈರಾಯ್ಡ್ ಗ್ರಂಥಿಯೇ ಇಲ್ಲದವರಲ್ಲೂ ಟಿ4 ಹೀಗೆ ಟಿ3 ಆಗುತ್ತದೆಂದು ಸಂಶೋಧಕರಾದ ಬ್ರೇವರ್‌ಮನ್, ಇಂಗ್‌ಬಾರ್ ಮತ್ತು ಸ್ಟರ್ಲಿಂಗ್ 1970ರಲ್ಲಿ ತೋರಿಸಿದರು. ಅಯೋಡಿನ್ ಕಳಚುವ ಆ ಕಿಣ್ವಗಳಿಗೂ ಸೆಲೆನಿಯಂ ಬೇಕು.

ನಂಟು ನಿಜವೇ. ಆದರೆ ಕೊರತೆಯಿದ್ದರೆ ತುಂಬಬೇಕು ಎಂಬುದು ಒಂದು ಮಾತು, ಹೆಚ್ಚು ಸುರಿದರೆ ಗ್ರಂಥಿ ಚುರುಕಾಗುತ್ತದೆ ಎಂಬುದು ಬೇರೆಯೇ ಮಾತು. ಎರಡನ್ನೂ ಒಂದೇ ಎಂದುಕೊಂಡಾಗ ತೊಂದರೆ ಶುರುವಾಗುತ್ತದೆ.

ಹಂತ 1: ನಿಮ್ಮದು ಯಾವ ಬಗೆಯ ಕೊರತೆ ಎಂದು ತಿಳಿದುಕೊಳ್ಳಿ

ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್; ಥೈರಾಯ್ಡ್ ಸೋತರೆ ಸಾಮಾನ್ಯವಾಗಿ ಇದು ಏರುತ್ತದೆ) ಮತ್ತು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಪರೀಕ್ಷೆಯ ವರದಿ ಕೈಯಲ್ಲಿರಲಿ. ಜೊತೆಗೆ ಟಿಪಿಒ ಆಂಟಿಬಾಡಿ (ಥೈರಾಯ್ಡ್‌ನ ಒಂದು ಕಿಣ್ವದ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯ) ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿದ್ದೀರಾ ಎಂದು ನೋಡಿ. ಈ ಆಂಟಿಬಾಡಿ ಹೆಚ್ಚಿದ್ದರೆ ಸಾಮಾನ್ಯವಾಗಿ ಅದು ಹಾಶಿಮೊಟೊ ಕಾಯಿಲೆ, ಅಂದರೆ ದೇಹದ ರೋಗನಿರೋಧಕ ಪಡೆಯೇ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆ ಎಂದರ್ಥ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ವಿವರಿಸಿದ್ದರು. ಸೆಲೆನಿಯಂ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ಹೆಚ್ಚಿನವು ಈ ಗುಂಪಿನವರ ಮೇಲೆಯೇ.

ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನೇ ತೆಗೆದಿದ್ದರೆ ಸೆಲೆನಿಯಂ ಕಾಪಾಡಬೇಕಾದ ಗ್ರಂಥಿಯೇ ಅಲ್ಲಿಲ್ಲ. ಅಂಥವರಿಗೆ ಬೇಕಾದದ್ದು ಸರಿಯಾದ ಪ್ರಮಾಣದ ಥೈರಾಕ್ಸಿನ್, ಅಂದರೆ ಮಾತ್ರೆಯ ರೂಪದ ಟಿ4.

ಅಯೋಡಿನ್ ಕೊರತೆಯಿರುವ ಕಡೆ ಇನ್ನೂ ಎಚ್ಚರ ಬೇಕು. ಅಂದಿನ ಜೈರ್, ಇಂದಿನ ಕಾಂಗೊದ ಉತ್ತರ ಭಾಗದಲ್ಲಿ ಅಯೋಡಿನ್ ಮತ್ತು ಸೆಲೆನಿಯಂ ಎರಡರ ಕೊರತೆಯೂ ಇತ್ತು. ಅಲ್ಲಿ ಸಂಶೋಧಕರು ಸೆಲೆನಿಯಂ ಮಾತ್ರ ಕೊಟ್ಟು ನೋಡಿದಾಗ, ಮೊದಲೇ ಸೋತಿದ್ದ ಥೈರಾಯ್ಡ್ ಇದ್ದವರ ರಕ್ತದಲ್ಲಿ ಟಿ4 ಇನ್ನಷ್ಟು ಕುಸಿಯಿತು. 1990ರ ದಶಕದ ಆರಂಭದಲ್ಲಿ ಪ್ರಕಟವಾದ ಆ ಫಲಿತಾಂಶದ ನಂತರ ವೈದ್ಯರು ಕಲಿತ ಪಾಠ ಸರಳ: ಮೊದಲು ಅಯೋಡಿನ್ ಕೊರತೆ ನೀಗಿಸಿ, ಆಮೇಲೆ ಸೆಲೆನಿಯಂ ಮಾತು.

ಹಂತ 2: ಥೈರಾಕ್ಸಿನ್ ಮಾತ್ರೆ ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳಿ

ಇದನ್ನು ದಾಟಿಕೊಂಡು ಸೆಲೆನಿಯಂಗೆ ಹೋಗುವವರೇ ಹೆಚ್ಚು. ನಾನೂ ಹಾಗೆ ಮಾಡಿದವಳೇ. ಬೆಳಗ್ಗೆ ಎದ್ದು ಥೈರಾಯ್ಡ್ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಎರಡನ್ನೂ ಒಂದೇ ಗುಟುಕು ನೀರಿನಲ್ಲಿ ನುಂಗುತ್ತಿದ್ದೆ, ಒಂದು ಕೆಲಸ ಮುಗಿಯಿತಲ್ಲ ಎಂಬ ಸಮಾಧಾನದಿಂದ. ಟಿಎಸ್‌ಎಚ್ ಇಳಿಯಲಿಲ್ಲ, ಮಾತ್ರೆಯ ಪವರ್ ಏರುತ್ತಾ ಹೋಯಿತು. ಎರಡನ್ನೂ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಒಬ್ಬ ವೈದ್ಯೆ ಕೇಳಿದ ಮೇಲಷ್ಟೇ ಕಾರಣ ಹೊಳೆದದ್ದು. ಕಬ್ಬಿಣಾಂಶವನ್ನು ರಾತ್ರಿಗೆ ತಳ್ಳಿದೆ. ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ದಾರಿಗೆ ಬಂತು. ಆ ಹೊತ್ತಿಗೆ ನಾನು ಸೆಲೆನಿಯಂ ಡಬ್ಬಿಯನ್ನೂ ತಂದಿಟ್ಟಾಗಿತ್ತು.

ಕ್ರಮ ಇಷ್ಟು. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ಮಾತ್ರೆ ನುಂಗಿ. ತಿಂಡಿಗೂ ಕಾಫಿಗೂ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡುವಿರಲಿ. ಬೆಳಗ್ಗೆ ಆಗದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದು. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗೆ ನಾಲ್ಕು ಗಂಟೆಯ ಅಂತರ ಬೇಕು. ಪ್ರಮಾಣ ಬದಲಾದ ಮೇಲೆ ಆರರಿಂದ ಎಂಟು ವಾರ ಕಾದು ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಹೊಸ ಮಟ್ಟ ನೆಲೆಗೊಳ್ಳುವ ಮೊದಲೇ ಪರೀಕ್ಷೆಗೆ ಓಡಿದರೆ ದಾರಿ ತಪ್ಪಿಸುವ ಅಂಕಿ ಸಿಗುತ್ತದೆ.

ಹಂತ 3: ನಿಮಗೆ ಸೆಲೆನಿಯಂ ಬೇಕೇ?

200 ಮೈಕ್ರೋಗ್ರಾಂ ಸೆಲೆನಿಯಂ ಕೊಟ್ಟಾಗ ಹಾಶಿಮೊಟೊ ಇರುವವರಲ್ಲಿ ಟಿಪಿಒ ಆಂಟಿಬಾಡಿ ಇಳಿದದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಇನ್ನೂ ಥೈರಾಕ್ಸಿನ್ ಶುರುಮಾಡದವರಲ್ಲಿ ಟಿಎಸ್‌ಎಚ್ ತುಸು ತಗ್ಗಿದ್ದೂ ಉಂಟು. ಕೇಳಲು ಹಿತವಾಗಿದೆ. ಆದರೆ ರೋಗಿಗೆ ಬೇಕಾದದ್ದು ವರದಿಯಲ್ಲಿ ಇಳಿದ ಅಂಕಿಯಲ್ಲ, ಸುಸ್ತು ಕಳೆದ ಮೈ. ಡೆನ್ಮಾರ್ಕ್‌ನಲ್ಲಿ ನಡೆದ ಕ್ಯಾಟಲಿಸ್ಟ್ ಎಂಬ ಅಧ್ಯಯನ ನೇರವಾಗಿ ಇದನ್ನೇ ಕೇಳಿತು. ಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಒಂದು ಗುಂಪಿಗೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಹುಸಿ ಮಾತ್ರೆ, ಹೀಗೆ ಒಂದು ವರ್ಷ ಕೊಟ್ಟರು. ಆಂಟಿಬಾಡಿ ಇಳಿಯಿತು. ದಿನನಿತ್ಯದ ಬದುಕು ಹೇಗಿದೆ ಎಂದು ಕೇಳಿದಾಗ ಮಾತ್ರ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಟಿಎಸ್‌ಎಚ್ ಹತೋಟಿಯಲ್ಲಿದ್ದು, ಊಟದಲ್ಲಿ ಮೀನು, ಮೊಟ್ಟೆ, ಮಾಂಸ, ಬೇಳೆಕಾಳು, ಧಾನ್ಯ ಇವುಗಳಲ್ಲಿ ಕೆಲವಾದರೂ ಸಾಕಷ್ಟಿದ್ದರೆ ಪ್ರತ್ಯೇಕ ಮಾತ್ರೆಯ ಗೋಜು ಬೇಡ. ವಯಸ್ಕರಿಗೆ ದಿನಕ್ಕೆ ಬೇಕಾದ ಸೆಲೆನಿಯಂ ಸುಮಾರು 55 ಮೈಕ್ರೋಗ್ರಾಂ ಅಷ್ಟೇ, ಗರ್ಭಿಣಿಯರಿಗೆ 60, ಹಾಲೂಡಿಸುವವರಿಗೆ 70. ಆದರೆ ಬೆಳೆಯಲ್ಲಿ ಎಷ್ಟು ಸೆಲೆನಿಯಂ ಇರುತ್ತದೆ ಎಂಬುದನ್ನು ಮಣ್ಣು ನಿರ್ಧರಿಸುತ್ತದೆ. ತಮ್ಮ ಮಣ್ಣಿನಲ್ಲಿ ಇದು ತೀರಾ ಕಡಿಮೆಯೆಂದು ಫಿನ್ಲೆಂಡ್ 1980ರ ದಶಕದ ನಡುವಿನಿಂದ ರಸಗೊಬ್ಬರಕ್ಕೇ ಸೆಲೆನಿಯಂ ಬೆರೆಸುತ್ತಿದೆ. ಅಂಥ ಮಣ್ಣಿನ ಬೆಳೆಯನ್ನೇ ನಂಬಿದವರು ಮತ್ತು ಕರುಳಿನ ಕಾಯಿಲೆಯಿಂದ ಪೋಷಕಾಂಶ ಮೈಗೆ ಹತ್ತದವರು ಸೆಲೆನಿಯಂ ಬಗ್ಗೆ ವೈದ್ಯರನ್ನು ಕೇಳುವುದರಲ್ಲಿ ಅರ್ಥವಿದೆ.

ಹಂತ 4: ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿಡಿ

ದಯವಿಟ್ಟು ಈ ಹಂತವನ್ನು ಬಿಡಬೇಡಿ. ಹತ್ತು ನಿಮಿಷದ ಕೆಲಸ. ಮನೆಯಲ್ಲಿ ನೀವು ದಿನಾ ತೆಗೆದುಕೊಳ್ಳುವ ಪ್ರತಿಯೊಂದು ಡಬ್ಬಿ, ಪುಡಿ, ಸಿರಪ್ ಎಲ್ಲವನ್ನೂ ತಂದಿಟ್ಟು, ಹಿಂಬದಿಯ ಸಣ್ಣಕ್ಷರ ಓದಿ, ಸೆಲೆನಿಯಂ ಎಂದಿರುವ ಸಾಲನ್ನು ಮಾತ್ರ ಕಾಗದಕ್ಕೆ ಇಳಿಸಿ. ಎಂಸಿಜಿ ಎಂದರೂ ಮೈಕ್ರೋಗ್ರಾಂ ಎಂದರೂ ಒಂದೇ. ಎಂಜಿ ಅದರ ಸಾವಿರ ಪಟ್ಟು. ಆ ಅಂಕಿ ಒಂದು ಮಾತ್ರೆಗೋ, ದಿನಕ್ಕೆ ಹೇಳಿದ ಎರಡು ಮಾತ್ರೆಗೋ ಎಂಬುದನ್ನೂ ನೋಡಿ.

ಒಂದು ಉದಾಹರಣೆ ನೋಡೋಣ. ಮಲ್ಟಿವಿಟಮಿನ್‌ನಲ್ಲಿ 55. ಕೂದಲು, ಉಗುರಿಗೆಂದು ತಂದದ್ದರಲ್ಲಿ 100. ಥೈರಾಯ್ಡ್ ಬಲಕ್ಕೆಂದು ಕೊಂಡದ್ದರಲ್ಲಿ 200. ಒಟ್ಟು 355. ಮೇಲೊಂದು ಬ್ರೆಜಿಲ್ ನಟ್ (ಸೆಲೆನಿಯಂ ತುಂಬಿರುವ ಒಂದು ಬೀಜ) ತಿಂದರೆ ಸರಾಸರಿ ಇನ್ನೂ 70ರಿಂದ 90 ಸೇರುತ್ತದೆ. ಊಟದ್ದು ಇನ್ನೂ ಸೇರಿಸಿಲ್ಲ. ಅಮೆರಿಕದಲ್ಲಿ ವಯಸ್ಕರಿಗೆ ಎಲ್ಲಾ ಮೂಲಗಳೂ ಸೇರಿ ದಿನಕ್ಕೆ 400 ಮೈಕ್ರೋಗ್ರಾಂ ಗರಿಷ್ಠ ಮಿತಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಆ ಮಿತಿಯನ್ನು 255ಕ್ಕೆ ನಿಗದಿ ಮಾಡಿತು. ನಾನು ನಂಬುವುದು ಚಿಕ್ಕ ಅಂಕಿಯನ್ನೇ.

ಡಬ್ಬಿಯ ಮೇಲಿನ ಅಂಕಿಯೂ ಕೈಕೊಟ್ಟ ಪ್ರಸಂಗವಿದೆ. 2008ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಒಂದು ದ್ರವರೂಪದ ಪೂರಕದಲ್ಲಿ ಚೀಟಿಯ ಮೇಲೆ ಬರೆದದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿಹೋಗಿತ್ತು. ಹತ್ತು ರಾಜ್ಯಗಳಲ್ಲಿ 201 ಮಂದಿಗೆ ಭೇದಿ, ಸುಸ್ತು, ಕೀಲುನೋವು ಕಾಣಿಸಿಕೊಂಡವು, ಕೂದಲು ಉದುರಿತು, ಉಗುರು ಬಣ್ಣಗೆಟ್ಟಿತು. ತಯಾರಾದ ಮಾಲನ್ನು ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವ ಕಂಪನಿಯದ್ದನ್ನೇ ಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಂತ 5: ತೆಗೆದುಕೊಳ್ಳುವುದೇ ಆದರೆ

ಲೆಕ್ಕ ಹಾಕಿದ ಕಾಗದವನ್ನು ವೈದ್ಯರಿಗೆ ತೋರಿಸಿ. ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರುವವರು, ಅಥವಾ ಮನೆಯಲ್ಲಿ ಹಿರಿಯರಿಗೆ ಅದು ಇದ್ದವರು ಇದನ್ನು ಖಂಡಿತ ತಪ್ಪಿಸಬಾರದು. ಸೆಲೆನಿಯಂ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಹೆಚ್ಚು ಕಂಡಿದ್ದನ್ನು 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ವರದಿ ಮಾಡಿತ್ತು.

ಡಬ್ಬಿಯ ಮೇಲೆ ಸೆಲೆನೊಮೆಥಿಯೊನಿನ್ ಎಂದೋ ಸೋಡಿಯಂ ಸೆಲೆನೈಟ್ ಎಂದೋ ಇರುತ್ತದೆ. ಮೊದಲನೆಯದು ಮೈಗೆ ಚೆನ್ನಾಗಿ ಹತ್ತುತ್ತದೆ. ಆದರೆ ಮೆಥಿಯೊನಿನ್ ಎಂಬ ಅಮೈನೋ ಆಮ್ಲದ ಜಾಗದಲ್ಲಿ ದೇಹದ ಪ್ರೋಟೀನುಗಳೊಳಗೆ ಸೇರಿಕೊಂಡು ಸಂಗ್ರಹವಾಗುವುದೂ ಅದೇ. ತಿಂಗಳುಗಟ್ಟಲೆ ಮೈಮರೆತು ನುಂಗಬಾರದು ಎನ್ನಲು ಇದೂ ಒಂದು ಕಾರಣ. ಮಾತ್ರೆಯನ್ನು ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆಗೆ ಹಿತ, ಬೆಳಗಿನ ಥೈರಾಕ್ಸಿನ್‌ನಿಂದ ತಾನಾಗಿಯೇ ದೂರವೂ ಆಗುತ್ತದೆ. ಬ್ರೆಜಿಲ್ ನಟ್ ಸಾಕು ಎನ್ನುವವರು ದಿನಕ್ಕೆ ಒಂದಕ್ಕೆ ನಿಲ್ಲಿಸಿ, ಮಾತ್ರೆ ಬಿಡಿ. ಎಲ್ಲಿ ಬೆಳೆದದ್ದು ಎಂಬುದರ ಮೇಲೆ ಅದರ ಸೆಲೆನಿಯಂ ಹಲವು ಪಟ್ಟು ಏರುಪೇರಾಗುತ್ತದೆ.

ಹಂತ 6: ತಾರೀಖು ಬರೆದಿಡಿ, ಮೈಯನ್ನು ಗಮನಿಸಿ

ಶುರುಮಾಡಿದ ದಿನವನ್ನು ಡಬ್ಬಿಯ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ಮೂರು ತಿಂಗಳಿಗೆ, ಮತ್ತೆ ಆರು ತಿಂಗಳಿಗೆ ಪರೀಕ್ಷೆ ಮಾಡಿಸಿ. ಕೂದಲಿನ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಬಯೋಟಿನ್ ಎಂಬ ವಿಟಮಿನ್ ಇರುತ್ತದೆ. ಅದು ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ಸುಳ್ಳಾಗಿ ತೋರಿಸಬಲ್ಲದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ. ಆರು ತಿಂಗಳಾದರೂ ಮೈಗೂ ವರದಿಗೂ ಏನೂ ಬದಲಾಗಿಲ್ಲವೆಂದರೆ ಸೆಲೆನಿಯಂ ಮುಂದುವರಿಸಲು ಕಾರಣವಿಲ್ಲ.

ಸೆಲೆನಿಯಂ ಅತಿಯಾದರೆ ಬೆಳ್ಳುಳ್ಳಿ ತಿನ್ನದಿದ್ದರೂ ಉಸಿರಿನಲ್ಲಿ ಬೆಳ್ಳುಳ್ಳಿಯ ವಾಸನೆ ಬರುತ್ತದೆ, ಬಾಯಲ್ಲಿ ಲೋಹದ ರುಚಿ ನಿಲ್ಲುತ್ತದೆ. ಥೈರಾಯ್ಡ್ ಕಡಿಮೆಯಾದಾಗ ಸಾಮಾನ್ಯವಾಗಿ ಈ ಎರಡು ಇರುವುದಿಲ್ಲ, ಹಾಗಾಗಿ ಗುರುತು ಹಿಡಿಯಲು ಇವೇ ಅನುಕೂಲ. ಇವುಗಳ ಜೊತೆಗೆ ಓಕರಿಕೆ, ಭೇದಿ, ಉಗುರು ಬೆಳ್ಳಗಾಗಿ ಮುರಿಯುವುದು ಕಂಡರೆ ಸೆಲೆನಿಯಂ ಇರುವುದೆಲ್ಲವನ್ನೂ ಅಂದೇ ನಿಲ್ಲಿಸಿ, ಡಬ್ಬಿಗಳನ್ನು ಎಸೆಯದೆ ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿ ಹೋಗಿ. ಥೈರಾಕ್ಸಿನ್ ಮಾತ್ರ ಎಂದಿನಂತೆ ನಡೆಯಲಿ. ನಿಲ್ಲಿಸಿದ ವಾರದಲ್ಲೇ ಬಾಚಣಿಗೆ ಖಾಲಿ ಬರಲಿಲ್ಲವೆಂದು ಹೆದರಬೇಡಿ. ಹೋದ ಕೂದಲು ಮತ್ತೆ ತುಂಬಿಕೊಳ್ಳಲು ಕೆಲವು ತಿಂಗಳು ಹಿಡಿಯುತ್ತದೆ.