ಹಳೇ ಇಂಗ್ಲೆಂಡ್ ಹೆಲ್ತ್ ರಿಪೋರ್ಟಲ್ಲಿ ಅಂಟುರೋಗದ ಸಾವು ಹುಡ್ಕೋದು ಹೇಗೆ

ಲಂಡನ್ ಪಕ್ಕದ ವಾಲ್ಥಮ್‌ಸ್ಟೋ ಥರದ ಅರ್ಬನ್ ಡಿಸ್ಟ್ರಿಕ್ಟಲ್ಲಿ (ತನ್ನದೇ ಕೌನ್ಸಿಲ್ ಇದ್ದ ಪಟ್ಟಣ ಪ್ರದೇಶ) 1900ರ ಆಸುಪಾಸು ಯಾವ ರೋಗಕ್ಕೆ ಎಷ್ಟು ಜನ ಹೋದ್ರು ಅಂತ ನೋಡ್ಬೇಕಾ, ಲಂಡನ್ನಿನ ವೈದ್ಯಕೀಯ ಇತಿಹಾಸದ ಲೈಬ್ರರಿ ವೆಲ್ಕಮ್ ಕಲೆಕ್ಷನ್ ಸೈಟಲ್ಲಿ ಮೆಡಿಕಲ್ ಆಫೀಸರ್ ಆಫ್ ಹೆಲ್ತ್, ಅಂದ್ರೆ ಊರಿನ ಆರೋಗ್ಯ ಅಧಿಕಾರಿ, ಬರೆದ ವಾರ್ಷಿಕ ರಿಪೋರ್ಟ್ ಫ್ರೀಯಾಗಿ ಸಿಗುತ್ತೆ.

ಪೀಠಿಕೆ ಬಿಟ್ಟು ಸೀದಾ ಟೇಬಲ್‌ಗೆ ಹೋಗಿ. ಕೇಸ್ ಟೇಬಲ್ (ರೋಗ ಬಂದಿದೆ ಅಂತ ಡಾಕ್ಟ್ರು ತಿಳಿಸಿದ ಲೆಕ್ಕ) ಬೇರೆ, ಸಾವಿನ ಟೇಬಲ್ ಬೇರೆ, ಕಲಸ್ಬೇಡಿ. ಸಿಡುಬು, ಡಿಫ್ತೀರಿಯಾ, ಸ್ಕಾರ್ಲೆಟ್ ಫೀವರ್, ಟೈಫಾಯ್ಡ್ ಬಂದ್ರೆ ಡಾಕ್ಟ್ರು ಆರೋಗ್ಯ ಅಧಿಕಾರಿಗೆ ತಿಳಿಸ್ಲೇಬೇಕು ಅನ್ನೋ 1889ರ ಕಾಯ್ದೆ 1899ರಲ್ಲಿ ದೇಶಕ್ಕೆಲ್ಲ ಕಡ್ಡಾಯ ಆಯ್ತು, ಆದ್ರೆ ದಡಾರ, ನಾಯಿಕೆಮ್ಮು ಆ ಪಟ್ಟೀಲಿ ಇರ್ಲಿಲ್ಲ, ಹಂಗಾಗಿ ಕೇಸ್ ಟೇಬಲ್ ಒಂದನ್ನೇ ನಂಬಿದ್ರೆ ಪುಟ್ಟ ಮಕ್ಕಳನ್ನ ಸಾಲಾಗಿ ಕೊಂದ ರೋಗಗಳೇ ಕೈತಪ್ಪಿ ಹೋಗ್ತಾವೆ. 1912ರಲ್ಲಿ ಟಿಬಿ ಕೇಸು ದಿಢೀರ್ ಏರಿದ್ರೆ ಗಾಬರಿ ಬೇಡ, ಅವತ್ತಿಂದ ಕಡ್ಡಾಯವಾಗಿ ಎಣಿಸೋಕೆ ಶುರು ಮಾಡಿದ್ರು ಅಷ್ಟೇ.

1911 ಮಾತ್ರ ಹುಷಾರು. ಆ ಬೇಸಿಗೆ ವಿಪರೀತ ಸೆಕೆ, ಹಾಲು ಕೆಟ್ಟು, ನೊಣ ಮುತ್ತಿ, ಕೂಸುಗಳು ಭೇದಿಗೆ ತುಂಬಾ ಸತ್ವು, ಅದೊಂದೇ ವರ್ಷ ಹಿಡ್ಕೊಂಡು ಊರಿನ ಹಣೆಬರಹ ಬರೀಬೇಡಿ, ಅಕ್ಕಪಕ್ಕದ ಐದಾರು ವರ್ಷ ಜೊತೆಗಿಡಿ. ಶಿಶುಮರಣದ ದರ 1000 ಜನಕ್ಕಲ್ಲ, 1000 ಜನನಕ್ಕೆ.

ಕೊನೇಗೆ ಬೇರೆ ಊರಿನ ಆಸ್ಪತ್ರೆ, ವರ್ಕ್‌ಹೌಸಲ್ಲಿ (ಗತಿಯಿಲ್ಲದ ಬಡವರನ್ನ ಇಡ್ತಿದ್ದ ಆಶ್ರಯ) ಸತ್ತ ಈ ಊರಿನೋರನ್ನ ಲೆಕ್ಕಕ್ಕೆ ಸೇರ್ಸಿದಾರಾ ಅಂತ ಟೇಬಲ್ ಕೆಳಗಿನ ಸಣ್ಣಕ್ಷರ ಓದಿ.