ವರಮಹಾಲಕ್ಷ್ಮಿಯ ಕಲಶ: ನಾನು ಕೂರಿಸುವ ಬಗೆ

ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ನಮ್ಮ ಮನೆಯಲ್ಲಿ ಲಕ್ಷ್ಮಿಯನ್ನು ಕೂರಿಸುವ ಹೊಣೆ ನನ್ನದು. ಅತ್ತೆಯವರಿಂದ ಕಲಿತ ಕ್ರಮವನ್ನೇ ಇಂದಿಗೂ ಅನುಸರಿಸುತ್ತೇನೆ; ಒಂದೆರಡು ಕಡೆ ಮಾತ್ರ ನನಗೆ ಸರಿಯೆನಿಸಿದಂತೆ ಬದಲಿಸಿಕೊಂಡಿದ್ದೇನೆ. ಈಚಿನ ಅಲಂಕಾರಗಳಲ್ಲಿ ಮುಖವಾಡ, ಸೀರೆ, ಒಡವೆಗಳ ನಡುವೆ ಕಲಶವೇ ಮರೆಯಾಗುತ್ತಿರುವುದು ನನಗೆ ಸಂಕಟ ತರುತ್ತದೆ. ಆವಾಹನೆಯಾಗುವುದು ಕಲಶದಲ್ಲಿ. ಅದಕ್ಕೇ ನನ್ನ ಗಮನವೆಲ್ಲ ಮೊದಲು ಅದರ ಒಳಗಿನ ಮೇಲೆ.

ಕಲಶಕ್ಕೆ ಅಕ್ಕಿ ತುಂಬುವ ಮನೆಗಳಿವೆ, ನೀರು ತುಂಬುವ ಮನೆಗಳಿವೆ. ನಮ್ಮದು ನೀರಿನ ಕಲಶ. ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಎಂಟು ದಳದ ಪದ್ಮ ಬರೆದು ಕಲಶ ಇಡುತ್ತೇನೆ. ಮುಕ್ಕಾಲು ಭಾಗ ನೀರು, ಅದಕ್ಕೆ ಅರಿಶಿನದ ಕೊಂಬು, ಬಟ್ಟಲಡಿಕೆ, ಲವಂಗ, ಚಿಟಿಕೆ ಪಚ್ಚಕರ್ಪೂರ, ತೊಳೆದ ನಾಣ್ಯ. ಬಾಯಿಗೆ ಐದೆಲೆಯ ಮಾವಿನ ಕುಡಿ, ಮೇಲೆ ಜುಟ್ಟಿರುವ ತೆಂಗಿನಕಾಯಿ. ಪೂಜೆಯಲ್ಲಿ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಎಂದು ಏಳು ನದಿಗಳನ್ನೂ ಆ ನೀರಿಗೆ ಕರೆಯುತ್ತೇವೆ. ಕಾವೇರಿಯ ಹೆಸರು ಬಂದಾಗ ನನ್ನ ದನಿ ತಾನಾಗಿಯೇ ಏರುತ್ತದೆ.

ಲಕ್ಷ್ಮಿಯೆಂದರೆ ಅಂಗೈಯಿಂದ ಉದುರುವ ನಾಣ್ಯಗಳಷ್ಟೇ ಎಂದುಕೊಂಡವರು ಲಕ್ಷ್ಮಿಯನ್ನು ಸ್ತುತಿಸುವ ವೇದಮಂತ್ರವಾದ ಶ್ರೀಸೂಕ್ತವನ್ನು ಅರ್ಥ ತಿಳಿದು ಒಮ್ಮೆ ಓದಬೇಕು. ಅಲ್ಲಿ ಚಿನ್ನವಿದೆ, ನಿಜ. ಜೊತೆಗೆ ಹಸುಗಳಿವೆ, ಸಗಣಿಯಿದೆ, ಕೆಸರಿದೆ, ಬಿಲ್ವದ ಮರವಿದೆ. ಹಸಿವು ನೀರಡಿಕೆಗಳಿಂದ ಬಾಡಿದ ಅಲಕ್ಷ್ಮಿಯನ್ನು ಮನೆಯಿಂದ ಕಳುಹಿಸುವ ಪ್ರಾರ್ಥನೆಯಿದೆ. ಗಜಲಕ್ಷ್ಮಿಯ ಇಕ್ಕೆಲದಲ್ಲಿ ನಿಂತು ನೀರೆರೆಯುವ ಆನೆಗಳನ್ನು ಮಳೆಮೋಡಗಳೆಂದೇ ತಿಳಿಯುತ್ತಾರೆ. ಸಾಂಚಿಯ ಶಿಲ್ಪಿಗಳು 2000 ವರ್ಷಗಳ ಹಿಂದೆಯೇ ಅವನ್ನು ಕಲ್ಲಿನಲ್ಲಿ ಕಡೆದಿದ್ದರು. ಹಾಸನದ ಬಳಿ ದೊಡ್ಡಗದ್ದವಳ್ಳಿಯಲ್ಲಿ 12ನೇ ಶತಮಾನದ ವರ್ತಕ ದಂಪತಿ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಯೂ ಕೆರೆಯ ದಡದಲ್ಲಿದೆ. ನೀರು, ಮಣ್ಣು, ಧಾನ್ಯ, ಆಮೇಲೆ ಹಣ. ನನ್ನ ಪೂಜೆಯೂ ಇದೇ ಕ್ರಮದಲ್ಲಿ ನಡೆಯುತ್ತದೆ.

ಅಲಂಕಾರ ಬೇಡವೆನ್ನುವವಳು ನಾನಲ್ಲ, ಅದರಲ್ಲಿ ನನಗೆ ಬಹಳ ಆಸೆ. ಗುರುವಾರ ರಾತ್ರಿಯೇ ತೆಂಗಿನಕಾಯಿಗೆ ಅರಿಶಿನವನ್ನು ತೆಳುವಾಗಿ ಬಳಿದು ಒಣಗಲು ಬಿಡುತ್ತೇನೆ. ದಪ್ಪಗೆ ಬಳಿದರೆ ಒಣಗಿ ಉದುರುತ್ತದೆ, ಮುಖವಾಡವೂ ಜಾರುತ್ತದೆ. ಎತ್ತರ ಬೇಕೆಂದರೆ ಮಣೆಯ ಮೇಲೆ ಅಕ್ಕಿ ತುಂಬಿದ ಅಗಲವಾದ ಡಬ್ಬ ಇಟ್ಟು ಅದರ ಮೇಲೆ ತಟ್ಟೆ ಇಡಬೇಕು. ಖಾಲಿ ಡಬ್ಬ ಅಲುಗಾಡುತ್ತದೆ. ಸೀರೆಯ ಅಗಲವನ್ನು ಎರಡಾಗಿ ಮಡಚಿ, ಉದ್ದಕ್ಕೂ ನಾಲ್ಕು ಬೆರಳಿನಷ್ಟು ನೆರಿಗೆ ಹಿಡಿದು, ಮೇಲ್ತುದಿಯನ್ನು ದಾರದಿಂದ ಬಿಗಿದು ಕಲಶದ ಕೊರಳಿಗೆ ಕಟ್ಟಿದ ಮೇಲೆ ಕೆಳಗೆ ಬೀಸಣಿಗೆಯಾಗಿ ಬಿಡಿಸಿದರೆ ಅಂಚು ಚೆನ್ನಾಗಿ ಕಾಣುತ್ತದೆ. ರೇಷ್ಮೆಗೆ ಪಿನ್ನು ಚುಚ್ಚುವುದಿಲ್ಲ. ಮಾವಿನೆಲೆಗಳನ್ನು ಮಾತ್ರ ಸೀರೆಯಿಂದ ಮುಚ್ಚಲು ಬಿಡುವುದಿಲ್ಲ. ಹೂವಿನ ಹಾರವನ್ನೂ ಅವು ಕಾಣುವಂತೆಯೇ ಇಳಿಬಿಡುತ್ತೇನೆ.

ಅರಿಶಿನದ ಗಣಪತಿಗೆ ಮೊದಲ ಪೂಜೆ, ನಂತರ ಸಂಕಲ್ಪ, ಕಲಶಪೂಜೆ, ಹದಿನಾರು ಸೇವೆಗಳ ಷೋಡಶೋಪಚಾರ, ನೂರೆಂಟು ಹೆಸರುಗಳ ಅಷ್ಟೋತ್ತರ. ಒಂಬತ್ತು ಗಂಟಿನ ಹಳದಿ ದಾರವನ್ನು ಪೂಜಿಸಿ ಬಲಗೈಗೆ ಕಟ್ಟಿಕೊಂಡು ಕಥೆ ಓದುತ್ತೇನೆ. ಪರಮೇಶ್ವರ ಪಾರ್ವತಿಗೆ ಹೇಳಿದ ಚಾರುಮತಿಯ ಕಥೆ ಅದು. ಕುಂಡಿನ ನಗರದ ಚಾರುಮತಿಗೆ ಕನಸಿನಲ್ಲಿ ಲಕ್ಷ್ಮಿ ಕಾಣಿಸಿಕೊಂಡಳು. ಅದನ್ನು ಅವಳು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಮನೆಯವರಿಗೆ, ನೆರೆಹೊರೆಯ ಹೆಂಗಸರಿಗೆ ಹೇಳಿ ಎಲ್ಲರೊಡನೆ ವ್ರತ ಮಾಡಿದಳು. ಕಥೆಯ ಈ ಭಾಗ ನನಗೆ ಬಹಳ ದೊಡ್ಡದು. ಆದ್ದರಿಂದ ಅರಿಶಿನ ಕುಂಕುಮಕ್ಕೆ ಗಂಡನನ್ನು ಕಳೆದುಕೊಂಡವರನ್ನೂ ಕರೆಯುತ್ತೇನೆ, ಹೂವು ತಾಂಬೂಲ ಎಲ್ಲರಿಗೂ ಒಂದೇ ಬಗೆಯಾಗಿ ಕೊಡುತ್ತೇನೆ. ಮೊದಮೊದಲು ಆಕ್ಷೇಪ ಬಂತು. ಅತ್ತೆಯವರೇ ಮುಂದೆ ನಿಂತು ಕುಂಕುಮದ ಬಟ್ಟಲು ಹಿಡಿದರು.

ಶನಿವಾರ ಬೆಳಿಗ್ಗೆ ಪುನಃಪೂಜೆ ಮಾಡಿ ಕಲಶ ಕದಲಿಸುತ್ತೇನೆ. ನೀರನ್ನು ಮಾವಿನೆಲೆಯಿಂದ ಮನೆಯೆಲ್ಲ ಪ್ರೋಕ್ಷಿಸಿ, ಉಳಿದದ್ದನ್ನು ತುಳಸಿಗೆ ಎರೆಯುತ್ತೇನೆ. ತಟ್ಟೆಯ ಅಕ್ಕಿ ಪಾಯಸಕ್ಕೆ, ಕಾಯಿ ಹೋಳಿಗೆಗೆ. ಹೂವು ಕೆರೆಗೆ ಹೋಗುವುದಿಲ್ಲ, ಗಿಡಗಳ ಬುಡಕ್ಕೆ ಗೊಬ್ಬರವಾಗುತ್ತದೆ. ಬೆಳ್ಳಿಯ ಮುಖವಾಡಕ್ಕೆ ಒಣ ವಿಭೂತಿ ಹಚ್ಚಿ ಉಜ್ಜಿ, ಹತ್ತಿಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತೇನೆ.